ಮುಂದಿನ ಸಾಲಿನ ಕುರ್ಚಿ



ಈ ಹೊತ್ತಿಗೆ ನಿಮ್ಮ ಮನೆ ಬಾಗಿಲಿಗೆ ಪೇಪರು ಬಂದು ಬಿದ್ದಿರಬಹುದು. ಬಿದ್ದ ಸದ್ದು ಎಲ್ಲರಿಗೂ ಗೊತ್ತು, ಎಸೆದ ಹುಡುಗನ ಮುಖ ನೋಡಿದವರು ಕಡಿಮೆ. ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ಪೇಪರನ್ನು ಸುರುಳಿ ಮಾಡಿ ಮೊದಲ ಮಹಡಿಗೆ ಗುರಿಯಿಟ್ಟು ಎಸೆದು ಅವನು ಆಗಲೇ ಮುಂದಿನ ತಿರುವು ದಾಟಿರುತ್ತಾನೆ. ಸೈಕಲ್ ಸಿನಿಮಾಗಳ ಬಗ್ಗೆ ಮಾತಾಡೋಣ ಎಂದುಕೊಂಡು ಬಂದವನಿಗೆ ಮೊದಲು ನೆನಪಾದದ್ದು ಇವನೇ.

ನ್ಯೂಯಾರ್ಕಿನಲ್ಲಿ ಬ್ರೆಂಟ್ ಬಾರ್ಬರ್ ಎನ್ನುವವರು ಸೈಕಲ್ ತುಳಿಯುತ್ತಿದ್ದಾಗ ಬಸ್ಸೊಂದು ಗುದ್ದಿತು. ಅಂಥ ಪೆಟ್ಟು ತಿಂದವರು ಸೈಕಲ್ಲನ್ನೇ ಮೂಲೆಗೆ ಸೇರಿಸಿಬಿಡುವುದುಂಟು. ಇವರು 2001ರಲ್ಲಿ ಸೈಕಲ್ ಚಿತ್ರಗಳದೇ ಒಂದು ಉತ್ಸವ ಶುರುಮಾಡಿದರು. ‘ಬೈಸಿಕಲ್ ಫಿಲ್ಮ್ ಫೆಸ್ಟಿವಲ್’ ಎಂಬ ಆ ಹಬ್ಬ ಆಮೇಲೆ ಎಷ್ಟೋ ದೇಶಗಳ ಊರುಗಳಿಗೆ ಹೋಯಿತು. ಅದರ ಬೆಲೆ ಏನೆಂದು ಸೈಕಲ್ ತುಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ರಸ್ತೆಯಲ್ಲಿ ಸೈಕಲ್ಲಿನವನು ಯಾವಾಗಲೂ ಒಂಟಿ. ಹಿಂದಿನಿಂದ ಹಾರನ್ನು, ಪಕ್ಕದಲ್ಲಿ ಗಟಾರ. ಅದೇ ಮನುಷ್ಯ ಸಿನಿಮಾ ಹಾಲಿನಲ್ಲಿ ಕೂತು ಪಕ್ಕಕ್ಕೆ ತಿರುಗಿದಾಗ, ಆಚೆ ಕುರ್ಚಿಯವರ ಪ್ಯಾಂಟಿಗೂ ತನ್ನ ಪ್ಯಾಂಟಿಗಿರುವಂಥದೇ ಚೈನಿನ ಎಣ್ಣೆ ಕಲೆ ಕಾಣುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದಕ್ಕಿಂತ ಹಿಂದೆಯೇ ಒಂದು ಸಂಗತಿ ನಡೆದಿತ್ತು. 1992ರ ಸೆಪ್ಟೆಂಬರಿನಲ್ಲಿ ಕೆಲವು ಡಜನ್ ಜನ ಒಟ್ಟಾಗಿ ಸೈಕಲ್ ಮೇಲೆ ಹೊರಟರು. ಆ ಸವಾರಿಗೆ ಮೊದಲು ಇಟ್ಟ ಹೆಸರು ಯಾಕೋ ನಾಲಿಗೆಗೆ ಹತ್ತಲಿಲ್ಲ. ಅದೇ ವರ್ಷ ಟೆಡ್ ವೈಟ್ ಎಂಬುವರು ‘ರಿಟರ್ನ್ ಆಫ್ ದ ಸ್ಕಾರ್ಚರ್’ ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ಅದರಲ್ಲಿ ಜಾರ್ಜ್ ಬ್ಲಿಸ್ ಎಂಬುವರು ಚೀನಾದ ಸಿಗ್ನಲ್ಲಿಲ್ಲದ ಚೌಕಗಳ ಮಾತು ಹೇಳುತ್ತಾರೆ. ಅಲ್ಲಿ ಸೈಕಲ್ಲಿನವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಹತ್ತು ಜನ ಸೇರಿದರೂ ಮೋಟಾರುಗಳು ನಿಲ್ಲುವುದಿಲ್ಲ. ಇನ್ನಷ್ಟು ಜನ ಬರುತ್ತಾರೆ, ಗುಂಪು ದಟ್ಟವಾಗುತ್ತದೆ, ಒಂದು ಗಳಿಗೆಯಲ್ಲಿ ಯಾರೂ ಹೇಳದೆಯೇ ಇಡೀ ಗುಂಪು ಮುಂದಕ್ಕೆ ಹರಿಯುತ್ತದೆ. ಆ ಸಾಕಾಗುವಷ್ಟು ಗುಂಪಿಗೆ ಅವರು ಇಟ್ಟ ಮಾತು ‘ಕ್ರಿಟಿಕಲ್ ಮಾಸ್’. ಸ್ಯಾನ್ ಫ್ರಾನ್ಸಿಸ್ಕೋದ ಸವಾರರಿಗೆ ಬೇಕಾಗಿದ್ದ ಹೆಸರು ಅಲ್ಲಿ ಸಿಕ್ಕಿತು. ತಿಂಗಳ ಕೊನೇ ಶುಕ್ರವಾರ ಆ ಹೆಸರಿನಲ್ಲಿ ಜಗತ್ತಿನ ಎಷ್ಟೋ ನಗರಗಳ ಜನ ಸೈಕಲ್ ಹತ್ತಿದರು. ಒಂದು ಸಣ್ಣ ಸಾಕ್ಷ್ಯಚಿತ್ರದ ಒಂದು ಮಾತು ಇಷ್ಟು ದೂರ ಉರುಳಿತಲ್ಲ ಎಂದು ನನಗೆ ಈಗಲೂ ಬೆರಗು.

ಆದರೂ ಸೈಕಲ್ ಚಿತ್ರ ಎಂದರೆ ನನ್ನ ಕಣ್ಣಿಗೆ ಕಟ್ಟಿರುವುದು 1948ರ ‘ಬೈಸಿಕಲ್ ಥೀವ್ಸ್’. ವಿಟೋರಿಯೋ ಡಿ ಸಿಕಾ ನಿರ್ದೇಶಿಸಿದ್ದು. ಯುದ್ಧ ಮುಗಿದ ರೋಮ್ ನಗರ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಅಂತೋನಿಯೋ ಬಳಿ ಸೈಕಲ್ ಇರಲೇಬೇಕು, ಅದೋ ಗಿರವಿಯಲ್ಲಿದೆ. ಹೆಂಡತಿ ಮರಿಯಾ ಹಾಸಿಗೆಯ ಮೇಲಿನ ಹೊದಿಕೆಗಳನ್ನೇ ಎಳೆದು, ಗಂಟು ಕಟ್ಟಿ ಗಿರವಿ ಅಂಗಡಿಗೆ ಒಯ್ಯುತ್ತಾಳೆ. ಅಂಗಡಿಯ ಆಳು ಆ ಗಂಟನ್ನು ಹೊತ್ತು ಕಪಾಟು ಹತ್ತುತ್ತಾನೆ, ಮೇಲೆ, ಇನ್ನೂ ಮೇಲೆ. ಅಷ್ಟೆತ್ತರಕ್ಕೂ ಬೇರೆ ಬೇರೆ ಮನೆಗಳ ಗಂಟುಗಳೇ. ಊರಿಗೆ ಊರೇ ಹೊದಿಕೆ ಗಿರವಿ ಇಟ್ಟಿದೆ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ನಮ್ಮ ಕಡೆ 2017ರಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳನ್ನು ಬೀದಿಗಿಳಿಸಿತು. ಬೆಂಗಳೂರಿನಲ್ಲಿ ಭಾನುವಾರದ ಬೆಳಗ್ಗೆ ಹೆಲ್ಮೆಟ್ ಹಾಕಿ ಗುಂಪಾಗಿ ಹೊರಡುವವರಿದ್ದಾರೆ. ಸಂತೋಷವೇ. ಆದರೆ ವಾರದ ಏಳೂ ದಿನ ನಗರದಲ್ಲಿ ಸೈಕಲ್ ತುಳಿಯುವವರು ಬೇರೆ ಇದ್ದಾರೆ. ಹ್ಯಾಂಡಲ್ಲಿಗೆ ಫ್ಲಾಸ್ಕು ನೇತುಹಾಕಿ, ಕ್ಯಾರಿಯರಿನ ಡಬ್ಬಿಯಲ್ಲಿ ಬಿಸ್ಕತ್ತು, ಪೇಪರ್ ಲೋಟ ಇಟ್ಟುಕೊಂಡು ನಡುರಾತ್ರಿ ಟೀ ಮಾರುವವರು. ಬುಟ್ಟಿಯಲ್ಲಿ ಮಲ್ಲಿಗೆ ಇಟ್ಟುಕೊಂಡು ಬೀದಿ ಬೀದಿ ಕೂಗುತ್ತ ಹೋಗುವವರು. ಮತ್ತೆ, ನಮ್ಮ ಪೇಪರಿನ ಹುಡುಗ. ಅಂತೋನಿಯೋನ ಬಂಧುಗಳು ಇವರು.

ನಿಮ್ಮ ಬಡಾವಣೆಯಲ್ಲಿ ಸೈಕಲ್ ಸಿನಿಮಾ ತೋರಿಸುವ ಮನಸ್ಸಾದರೆ ಹೆಚ್ಚಿನ ಖರ್ಚೇನಿಲ್ಲ. ಒಂದು ಬಿಳೀ ಪಂಚೆ, ಒಂದು ಪ್ರೊಜೆಕ್ಟರು, ಸಮುದಾಯ ಭವನದ ಗೋಡೆ. ಮುಂದಿನ ಸಾಲಿನ ಕುರ್ಚಿಗಳನ್ನು ಇವರಿಗಾಗಿ ಬಿಡಿ. ಹೋಗಿ ಕರೆಯಿರಿ, ಪೇಪರಿನವನನ್ನು ಹೆಸರು ಕೇಳಿಕೊಂಡೇ ಕರೆಯಿರಿ. ಮತ್ತೆ, ಸಿನಿಮಾ ಎಂಟೂವರೆಗೆಲ್ಲ ಮುಗಿಯಲಿ. ಅವನು ನಾಲ್ಕು ಗಂಟೆಗೆ ಏಳಬೇಕು.