ಆಟದ ನೆಲ ಯಾರದು?

(ವಿರಾಜಪೇಟೆಯ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಬಂಧುಗಳೇ, ಒಂದು ದಿನದ ಕೂಲಿ ಕಳಕೊಂಡು ತೋಟಗಳಿಂದ ಬಂದಿರುವ ಅಕ್ಕಂದಿರೇ, ಅಣ್ಣಂದಿರೇ,

ನನಗೆ ಕೊಟ್ಟ ವಿಷಯ 'ಇವತ್ತಿನ ರಾಜಕೀಯ'. ನಾನು ಮಾತಾಡೋದು ಆಟದ ಬಗ್ಗೆ. ಬಿ.ಎ. ಓದಿದ ಹುಡುಗ, ಪದ್ಯ ಬರೀತಾನೆ, ದಾರಿ ತಪ್ಪಿದ ಅಂತ ತಿಳಕೋಬೇಡಿ. ಕೊಡಗಿನಲ್ಲಿ ನಿಂತು ರಾಜಕೀಯ ಮಾತಾಡಬೇಕು ಅಂದರೆ ಹಾಕಿ ಕೋಲಿನಿಂದ ಶುರು ಮಾಡಿದರೂ ಅದು ಕೊನೆಗೆ ನೆಲದ ಪ್ರಶ್ನೆಗೇ ಬಂದು ಮುಟ್ಟುತ್ತದೆ.

"ಆಟದಲ್ಲಿ ರಾಜಕೀಯ ತರಬೇಡಿ" ಅಂತ ಒಂದು ಮಾತಿದೆ. ಟಿ.ವಿ.ಯಲ್ಲಿ ಹೇಳ್ತಾರೆ, ಪೇಪರಿನಲ್ಲಿ ಬರೀತಾರೆ. ಇದನ್ನು ಹೇಳೋರು ಯಾರು ನೋಡಿ. ಪೆವಿಲಿಯನ್ನಿನ ನೆರಳಲ್ಲಿ ಕೂತವರು. ಬಿಸಿಲಲ್ಲಿ ನಿಂತು ಬೇಲಿಯ ಸಂದಿಯಿಂದ ಆಟ ನೋಡಿದವನು ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಆಟಕ್ಕೆ ಮೊದಲು ಬೇಕಾದ್ದು ಚೆಂಡಲ್ಲ, ಕೋಲಲ್ಲ, ನೆಲ. ನೆಲ ಯಾರ ಹತ್ತಿರ ಇದೆ ಅನ್ನೋದು ರಾಜಕೀಯ ಅಲ್ಲದಿದ್ದರೆ ಮತ್ತಾವುದು ರಾಜಕೀಯ?

ಮೊದಲು ದೊಡ್ಡವರ ಆಟ ನೋಡೋಣ. 2020ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅಹಮದಾಬಾದಿಗೆ ಬಂದರು. ಮೊಟೇರಾದ ಕ್ರಿಕೆಟ್ ಮೈದಾನದಲ್ಲಿ ಅವರಿಗೆ ಸ್ವಾಗತ. ಬರುವ ದಾರಿಯಲ್ಲಿ ಬಡವರ ಗುಡಿಸಲು ಇದ್ದವು. ಗುಡಿಸಲಿನವರಿಗೆ ಮನೆ ಕಟ್ಟಿಸಲಿಲ್ಲ. ಗುಡಿಸಲು ಕಾಣದ ಹಾಗೆ ಮುಂದೆ ಗೋಡೆ ಕಟ್ಟಿಸಿದರು! ಮಾರನೇ ವರ್ಷ, 2021ರ ಫೆಬ್ರವರಿಯಲ್ಲಿ, ಅದೇ ಮೈದಾನಕ್ಕೆ ಪ್ರಧಾನಿ ನರೇಂದ್ರ ಮೋದಿಯವರ ಹೆಸರೇ ಬಂತು, ಅವರು ಕುರ್ಚಿಯಲ್ಲಿ ಕೂತಿರುವಾಗಲೇ. ಉದ್ಘಾಟನೆಗೆ ಕರೆದದ್ದು ಯಾರನ್ನು? ಆಗ ರಾಷ್ಟ್ರಪತಿಯಾಗಿದ್ದ, ನಮ್ಮ ಜನರ ನಡುವಿನಿಂದಲೇ ಬಂದ ರಾಮನಾಥ ಕೋವಿಂದರನ್ನು. ರಿಬ್ಬನ್ ಕತ್ತರಿಸಲು ನಮ್ಮ ಕೈ ಬೇಕು. ಹೆಸರು ಮಾತ್ರ ಅವರದು.

2025ರ ಡಿಸೆಂಬರಿನಲ್ಲಿ ಫುಟ್‌ಬಾಲ್ ಆಡಿಸುವ ಫಿಫಾದವರು ಅದೇ ಟ್ರಂಪ್ ಅವರಿಗೆ ಶಾಂತಿ ಪ್ರಶಸ್ತಿ ಕೊಟ್ಟರು. ಚೆಂಡು ಒದೆಯುವವರ ಸಂಘಕ್ಕೆ ಶಾಂತಿ ಹಂಚುವ ಕೆಲಸ ಕೊಟ್ಟವರು ಯಾರೋ! ಅದಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರಿನಲ್ಲಿ, ದುಬೈನ ಏಷ್ಯಾ ಕಪ್‌ನಲ್ಲಿ ನಮ್ಮ ಕ್ರಿಕೆಟ್ ಹುಡುಗರು ಪಾಕಿಸ್ತಾನದವರ ಕೈ ಕುಲುಕದೆ ನಡೆದುಹೋದರು. ಎದುರು ನಿಂತು ಆಡಬಹುದು, ಟಿಕೆಟ್ ಮಾರಬಹುದು, ಟಿ.ವಿ. ದುಡ್ಡು ಎಣಿಸಬಹುದು, ಕೈ ಮಾತ್ರ ಮುಟ್ಟಬಾರದು. ಇದಕ್ಕೆ ದೇಶಭಕ್ತಿ ಅಂತ ಹೆಸರಿಟ್ಟರು. ನನಗೆ ನಗು ಬಂತು. ಕೆಲಸ ಮಾಡಿಸಿಕೊಂಡು ಕೈ ಮುಟ್ಟದೆ ಇರೋದನ್ನು ನಾವು ಮುತ್ತಜ್ಜನ ಕಾಲದಿಂದ ನೋಡಿದ್ದೇವೆ. ಆಗ ಅದಕ್ಕೆ ಧರ್ಮ ಅನ್ನುತ್ತಿದ್ದರು.

ಇದು ಒಂದು ಪಕ್ಷದ ಕಥೆ ಅಂತ ಯಾರೂ ಚಪ್ಪಾಳೆ ತಟ್ಟಬೇಡಿ. 2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಆಗ ದೆಹಲಿಯಲ್ಲೂ ಕೇಂದ್ರದಲ್ಲೂ ಕಾಂಗ್ರೆಸ್ ಇತ್ತು. ಪರಿಶಿಷ್ಟ ಜಾತಿಯವರಿಗೆ ಅಂತ ತೆಗೆದಿಟ್ಟ ವಿಶೇಷ ಘಟಕ ಯೋಜನೆಯ ಹಣ, ಆರುನೂರು ಕೋಟಿಗೂ ಮೀರಿದ ಹಣ, ಆ ಆಟದ ಖರ್ಚಿಗೆ ಹೋಯಿತು. ಪಾರ್ಲಿಮೆಂಟಿನಲ್ಲಿ ಗಲಾಟೆ ಆದ ಮೇಲೆ ಗೃಹಮಂತ್ರಿ ಚಿದಂಬರಂ ಅದು ತಪ್ಪು ಎಂದು ಒಪ್ಪಬೇಕಾಯಿತು. ನಮ್ಮ ಮಕ್ಕಳ ಹಾಸ್ಟೆಲ್ಲಿಗೆ, ನಮ್ಮ ಕೇರಿಯ ನೀರಿಗೆ ಬರಬೇಕಾದ ದುಡ್ಡು ಸ್ಟೇಡಿಯಮ್ಮಿನ ಕಾಂಕ್ರೀಟಿನೊಳಗೆ ಸೇರಿಹೋಯಿತು. ಆ ದುಡ್ಡಿನಲ್ಲಿ ಕಟ್ಟಿದ ಮೈದಾನಕ್ಕೆ ನಾವು ಹೋದರೆ ಗೇಟಿನಲ್ಲಿ ಟಿಕೆಟ್ ಕೇಳುತ್ತಾರೆ.

ಹಿಟ್ಲರನೂ ಇದನ್ನೇ ಮಾಡಿದ್ದ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಮುಂಚೆ ಆ ಊರಿನ ರೋಮಾ ಜನರನ್ನು, ಅಂದರೆ ಅಲೆಮಾರಿಗಳು ಎಂದು ಕೀಳು ಮಾಡಿದ್ದ ಜನರನ್ನು, ಹಿಡಿದು ಊರಾಚೆಯ ಮಾರ್ಜಾನ್ ಅನ್ನುವ ಕಡೆಗೆ ಸಾಗಿಸಿದರು. ಬಂದ ಅತಿಥಿಗಳ ಕಣ್ಣಿಗೆ ಊರು ಚೆನ್ನಾಗಿ ಕಾಣಬೇಕಲ್ಲ! ಬರ್ಲಿನ್ನಿನ ಕ್ರೌರ್ಯವೂ ಅಹಮದಾಬಾದಿನ ಗೋಡೆಯೂ ಒಂದೇ ತೂಕದವು ಅಂತ ನಾನು ಹೇಳ್ತಾ ಇಲ್ಲ. ದೊಡ್ಡವರ ಆಟಕ್ಕೆ ಮೊದಲು ಬಡವನನ್ನು ಮರೆ ಮಾಡುವ ಚಾಳಿ ಎರಡು ಕಡೆಯೂ ಒಂದೇ ಅಂತ ಹೇಳ್ತಾ ಇದ್ದೇನೆ.

ಹಾಗಾದರೆ ಆಟದಲ್ಲಿ ರಾಜಕೀಯ ಯಾವಾಗಲೂ ಕೆಟ್ಟದ್ದೇ? ಅಲ್ಲ. 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್‌ನ ಫೈನಲ್ಲಿಗೆ ಬಂದಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ಕರಿಯರನ್ನು ಬೇರೆ ಬೆಂಚಿನಲ್ಲಿ ಕೂರಿಸುವ, ಬೇರೆ ಬಸ್ಸಿನಲ್ಲಿ ಹತ್ತಿಸುವ ಸರ್ಕಾರ ಅಲ್ಲಿತ್ತು. ನಾವು ಆಡೋದಿಲ್ಲ ಎಂದು ಭಾರತ ಕಪ್ಪನ್ನೇ ಬಿಟ್ಟುಕೊಟ್ಟಿತು. ಎಂಥ ಒಳ್ಳೆ ರಾಜಕೀಯ! ಅದಕ್ಕೆ ನಾನು ಕೈ ಮುಗಿಯುತ್ತೇನೆ. ಕೈ ಮುಗಿದು ಒಂದು ಪ್ರಶ್ನೆ ಕೇಳುತ್ತೇನೆ. ಬಣ್ಣದ ಬೇಲಿ ಸಮುದ್ರದಾಚೆ ಕಂಡಿತಲ್ಲ, ಜಾತಿಯ ಬೇಲಿ ಮನೆ ಹಿತ್ತಲಲ್ಲಿ ಯಾಕೆ ಕಾಣಲಿಲ್ಲ?

ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ ಹೆಸರು ನಿಮಗೆ ಗೊತ್ತಿರಬೇಕು. ಚಮ್ಮಾರರ ಮಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆದು, ಬಲೆ ಕಟ್ಟಿ, ಸಾಹೇಬರಿಗೆ ಚೆಂಡು ಹಾಕುತ್ತ ಬೌಲಿಂಗ್ ಕಲಿತವರು. ಹಿಂದೂ ತಂಡಕ್ಕೆ ಅವರ ಎಡಗೈ ಬೇಕಾಯಿತು. ಚೆಂಡು ಮೈಲಿಗೆಯಾಗಲಿಲ್ಲ. ಆದರೆ ಟೀ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕ ಮಾತ್ರ ಆಗಲಿಲ್ಲ. ತಮ್ಮಂದಿರೊಂದಿಗೆ ಸೇರಿ ಈ ಅನ್ಯಾಯಕ್ಕೆ ತಿರುಗಿ ಬಿದ್ದ ಮೇಲೆ, 1923ರಲ್ಲಿ, ತಮ್ಮ ವಿಠ್ಠಲನಿಗೆ ನಾಯಕತ್ವ ಬಂತು. ಕೇಳದೆ ಬರಲಿಲ್ಲ, ಬಂಧುಗಳೇ. ಕೇಳಿದ ಮೇಲೆ ಬಂತು.

ಅದು ಹಳೇ ಕಾಲ ಅಂತೀರಾ? 2021ರ ಟೋಕಿಯೋ ನೋಡಿ. ವಂದನಾ ಕಟಾರಿಯಾ ನಮ್ಮ ಹುಡುಗಿ. ಜುಲೈ 31ರಂದು ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದಳು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತದ ಹೆಣ್ಣು. ಆ ದಿನ ಅವಳು 'ದೇಶದ ಮಗಳು'. ಆಗಸ್ಟ್ 4ರಂದು ಸೆಮಿಫೈನಲ್ಲಿನಲ್ಲಿ ಅರ್ಜೆಂಟೀನಾ ಮುಂದೆ ತಂಡ ಸೋತಿತು. ಹರಿದ್ವಾರದ ಹತ್ತಿರ ರೋಶನಾಬಾದಿನ ಅವಳ ಮನೆ ಮುಂದೆ ಮೇಲ್ಜಾತಿಯ ಗಂಡಸರು ಪಟಾಕಿ ಹೊಡೆದು ಕುಣಿದರು. ತಂಡದಲ್ಲಿ ದಲಿತರು ಜಾಸ್ತಿ ಆದದ್ದಕ್ಕೇ ಸೋತದ್ದು ಎಂದು ಬೈದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ನಾಲ್ಕು ದಿನದಲ್ಲಿ ದೇಶದ ಮಗಳು ಜಾತಿಯ ಮಗಳಾದಳು. ಗೆದ್ದರೆ ಭಾರತ, ಸೋತರೆ ಹೊಲಗೇರಿ. ಎರಡು ದಿನ ಬಿಟ್ಟು ಬ್ರಿಟನ್ ಎದುರು ಆಡಿದಾಗ ಆ ಹುಡುಗಿ ಮತ್ತೊಂದು ಗೋಲು ಹೊಡೆದಳು. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಯಾವ ಪದ್ಯದಲ್ಲೂ ಇಲ್ಲ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕೊಡಗು ಅಂದರೆ ಹಾಕಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ 1972ರಲ್ಲಿ ಮ್ಯೂನಿಕ್‌ನಿಂದ ಕಂಚು ತಂದ ತಂಡದಲ್ಲಿದ್ದರು. ಎಂ.ಎಂ. ಸೋಮಯ್ಯ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತು. ಹೆಂಗಸರು, ವಯಸ್ಸಾದವರು ಎಲ್ಲ ಮನೆತನದ ಹೆಸರಿನಲ್ಲಿ ಇಳಿದು ಆಡುತ್ತಾರೆ. ನನಗೆ ಹೊಟ್ಟೆಕಿಚ್ಚಿಲ್ಲ. ಒಂದು ಜನ ತಮ್ಮ ಮನೆತನ ಒಟ್ಟುಗೂಡಿಸಲು ಹಬ್ಬ ಮಾಡಿಕೊಂಡರೆ ಅದು ಅವರ ಹಕ್ಕು. ಗೌಡರೂ ತಮ್ಮ ಕುಟುಂಬಗಳಿಗೆ ಕ್ರಿಕೆಟ್ ಆಡಿಸುತ್ತಾರೆ. ಆಡಿಸಲಿ.

ನನ್ನ ಜಗಳ ಇನ್ನೊಂದು ಮಾತಿನ ಜೊತೆ. "ಅವರಿಗೆ ಹಾಕಿ ರಕ್ತದಲ್ಲೇ ಇದೆ" ಅನ್ನುತ್ತಾರಲ್ಲ, ಅದರ ಜೊತೆ. ರಕ್ತದಲ್ಲಿ ಹಾಕಿ ಇರೋದಿಲ್ಲ ಸ್ವಾಮಿ. ಹಾಕಿ ಗದ್ದೆಯಲ್ಲಿ ಇರುತ್ತೆ. ಕುಯ್ಲಾದ ಗದ್ದೆ ಮೈದಾನ ಆಗುತ್ತೆ, ಗದ್ದೆ ಇದ್ದವನಿಗೆ. ಮೈದಾನ ಇರೋ ಶಾಲೆಯಲ್ಲಿ ಹಾಕಿ ಇರುತ್ತೆ, ಫೀಸು ಕಟ್ಟುವವನಿಗೆ. ಮಿಲಿಟರಿಯಲ್ಲಿದ್ದ ಮಾವ ರಜೆಗೆ ಬರುವಾಗ ತರುವ ಕೋಲಿನಲ್ಲಿ ಹಾಕಿ ಇರುತ್ತೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಯಾವ ದೊಡ್ಡ ತೋಟದವರ ಮಗ? ಕೈಕಸುಬಿನ ಮನೆಯ ಹುಡುಗ. 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಗಾಳಿ ಹಾಗೆ ಓಡಿದ. ರಕ್ತದ ಮಾತು ಅಪಾಯದ ಮಾತು. ಇವತ್ತು ಅವರ ರಕ್ತದಲ್ಲಿ ಹಾಕಿ ಅಂತಾರೆ. ನಾಳೆ ನಿಮ್ಮ ರಕ್ತದಲ್ಲಿ ಕಳೆ ಕೀಳೋದು, ಗೊಬ್ಬರ ಹೊರೋದು ಇದೆ ಅಂತಾರೆ. ನಾಳೆ ಏನು, ಅಂದೇ ಬಿಟ್ಟಿದ್ದಾರೆ.

ಕೊಡಗಿನಲ್ಲಿ ನೆಲಕ್ಕೆ ಎಷ್ಟು ಹೆಸರು! ಜಮ್ಮಾ, ಬಾಣೆ, ಸಾಗು, ಪೈಸಾರಿ. ಇಷ್ಟು ಹೆಸರಲ್ಲಿ ಒಂದೂ ನಮ್ಮದಲ್ಲ. 2011ರ ಜನಗಣತಿ ಪ್ರಕಾರ ಈ ಜಿಲ್ಲೆಯಲ್ಲಿ ಸುಮಾರು ಐದೂವರೆ ಲಕ್ಷ ಜನ. ನೂರರಲ್ಲಿ 13 ಮಂದಿ ಪರಿಶಿಷ್ಟ ಜಾತಿ, 10 ಮಂದಿ ಪರಿಶಿಷ್ಟ ಪಂಗಡ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ನಾವು. ಕೆಂಬಟ್ಟಿ, ಯರವ, ಪಣಿಯ, ಜೇನುಕುರುಬ, ಬೆಟ್ಟಕುರುಬ. ಲೈನ್ ಮನೆಯ ಮಗುವಿಗೆ ಇರೋ ಬಯಲು ಅಂದರೆ ಕಾಫಿ ಒಣಗಿಸೋ ಕಣ. ಕಾಫಿ ಹರಡಿದಾಗ ಕಾಲಿಡೋ ಹಾಗಿಲ್ಲ. ಕಾಫಿ ಎತ್ತಿದ ಮೇಲೆ ಇಳಿದರೆ ರೈಟರ್ ಗದರಿಸುತ್ತಾನೆ. ಸಂಜೆ ಆದರೆ ತೋಟದೊಳಗೆ ಆನೆ. ಆ ಮಗು ಎಲ್ಲಿ ಓಡಬೇಕು?

1951ರಲ್ಲಿ ಪಾರ್ಲಿಮೆಂಟು ತೋಟ ಕಾರ್ಮಿಕರ ಕಾಯ್ದೆ ಮಾಡಿತು. ಮನೆ ಕೊಡಬೇಕು, ಮಕ್ಕಳ ಶಾಲೆ ನೋಡಬೇಕು ಎನ್ನುವ ಕಲಮುಗಳ ಸಾಲಿನಲ್ಲೇ, 13ನೇ ಕಲಮಿನಲ್ಲಿ, ಕೆಲಸದವರಿಗೂ ಮಕ್ಕಳಿಗೂ ಆಟ ಮನರಂಜನೆಯ ಸೌಕರ್ಯ ಮಾಡಿಸಲು ಸರ್ಕಾರ ನಿಯಮ ತರಬಹುದು ಅಂತ ಇತ್ತು. 2020ರ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯನ್ನು ತನ್ನ ಹೊಟ್ಟೆಗೆ ಹಾಕಿಕೊಂಡಿತು. ಎಪ್ಪತ್ತು ವರ್ಷ! ನಿಮ್ಮ ಲೈನಿನ ಮುಂದೆ ಆಟದ ಬಯಲು ಕಂಡವರು ಕೈ ಎತ್ತಿ. (ಯಾರೂ ಎತ್ತಲಿಲ್ಲ.) ಸಾಕು, ಇದೇ ನಮ್ಮ ವರದಿ.

ನೆಲ ಕೇಳಿದರೆ ಏನಾಗುತ್ತೆ ಅಂತ ದಿಡ್ಡಳ್ಳಿ ಹೇಳಿತು. ಲೈನ್ ಮನೆಯ ಬಾಳು ಸಾಕಾಗಿ ಎಷ್ಟೋ ಆದಿವಾಸಿ ಕುಟುಂಬಗಳು ಅಲ್ಲಿ ಗುಡಿಸಲು ಹಾಕಿದ್ದವು. 2016ರ ಡಿಸೆಂಬರಿನ ಚಳಿಯಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲು ನೆಲಕ್ಕೆ ಬಿದ್ದವು. ಇದು ಕಾಡು, ಎದ್ದು ಹೋಗಿ ಅಂದರು. ಜನ ಹೋಗಲಿಲ್ಲ. ಹೆಂಗಸರು ಮುಂದೆ ನಿಂತರು. ಕೊಡವರೇ ಆದ ಎ.ಕೆ. ಸುಬ್ಬಯ್ಯನವರು ಜೊತೆಗೆ ಬಂದರು. ನಮ್ಮ ಜಗಳ ಜಾತಿಯ ಜೊತೆ, ಮನುಷ್ಯರ ಜೊತೆ ಅಲ್ಲ ಅನ್ನೋದಕ್ಕೆ ಇದನ್ನು ನೆನಪಿಡಿ. ಕೊನೆಗೆ 2018ರಲ್ಲಿ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಬೇಡಿ ಬಂದದ್ದಲ್ಲ ಅದು, ಕೂತು ಗೆದ್ದದ್ದು. ಅದೇ ಕುಶಾಲನಗರದ ಪಕ್ಕ ಕೂಡಿಗೆಯಲ್ಲಿ ಸರ್ಕಾರದ ಕ್ರೀಡಾಶಾಲೆ ಇದೆ. ಹಾಕಿ ಕಲಿಸುತ್ತಾರೆ. ಈ ಹೊಸ ಮನೆಗಳ ಮಕ್ಕಳಿಗೂ ಆ ಶಾಲೆಗೂ ನಡುವೆ ದಾರಿ ದೂರ ಇಲ್ಲ. ಆ ದಾರಿಯಲ್ಲಿ ಎಷ್ಟು ಮಕ್ಕಳು ನಡೆದಿದ್ದಾರೆ ಅಂತ ಎಣಿಸಬೇಕಾದವರು ನಾವೇ.

ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಅವರಿಗೇನು ಅಷ್ಟು ಬಾಯಾರಿಕೆಯೇ? ಊರಿನ ಕೆರೆ ಎಲ್ಲರದು ಅಂತ ತೋರಿಸಬೇಕಿತ್ತು. ಮೈದಾನವೂ ಒಂದು ಕೆರೆ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಓದಿ. ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಆಮೇಲೆ ಜನ ಸೇರುವ ಜಾಗ, ಇವುಗಳಿಂದ ಜಾತಿಯ ಹೆಸರಲ್ಲಿ ಯಾರನ್ನೂ ದೂರ ಇಡೋ ಹಾಗಿಲ್ಲ. ಇವತ್ತು ಬೋರ್ಡ್ ಹಾಕಿ ಯಾರೂ ದೂರ ಇಡೋದಿಲ್ಲ. ಫೀಸು ಇಡುತ್ತದೆ, ಬೂಟು ಇಡುತ್ತದೆ, ಬಸ್ ಚಾರ್ಜು ಇಡುತ್ತದೆ, ಸಂಜೆ ಐದರ ತನಕದ ಕೆಲಸ ಇಡುತ್ತದೆ.

ಅದಕ್ಕೆ ಮೂರು ಕೆಲಸ ಹೇಳಿ ಕೂರುತ್ತೇನೆ. ಒಂದು, ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಹಾಡಿಗೆ, ಪ್ರತಿ ಕಾಲೊನಿಗೆ ಆಟದ ಬಯಲಿನ ಸರ್ವೆ ನಂಬರ್ ಕೇಳಿ. ಪೈಸಾರಿ ಎಲ್ಲಿದೆ, ಯಾರ ಬೇಲಿಯೊಳಗೆ ಸೇರಿದೆ ಅಂತ ಬಾಯಲ್ಲಿ ಬೇಡ, ಕಾಗದದಲ್ಲಿ ಕೇಳಿ. ಎರಡು, ಸರ್ಕಾರದ ಕ್ರೀಡಾಶಾಲೆ, ಕ್ರೀಡಾ ಹಾಸ್ಟೆಲ್‌ಗಳಲ್ಲಿ ನಮ್ಮ ಮಕ್ಕಳು ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂರು, ನಮ್ಮ ಉಪಯೋಜನೆಯ ಹಣ ಕಾಯಿರಿ. 2013ರಲ್ಲಿ ಈ ರಾಜ್ಯದಲ್ಲಿ ಅದಕ್ಕೆ ಕಾಯ್ದೆಯೇ ಬಂತು. 2023ರಲ್ಲಿ ಅದೇ ಹಣದಿಂದ ಹನ್ನೊಂದು ಸಾವಿರ ಕೋಟಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಬರೆದರು. ಗ್ಯಾರಂಟಿ ಬೇಡ ಅನ್ನೋದಿಲ್ಲ, ನನ್ನ ತಾಯಿಯೂ ಬಸ್ಸು ಹತ್ತುತ್ತಾಳೆ. ಆದರೆ ಎಲ್ಲರಿಗೂ ಕೊಡುವುದನ್ನು ಎಲ್ಲರ ಪೆಟ್ಟಿಗೆಯಿಂದ ಕೊಡಿ.

ನಮ್ಮ ಮಕ್ಕಳೆಲ್ಲ ಒಲಿಂಪಿಕ್ಸಿಗೆ ಹೋಗಬೇಕು ಅಂತ ನಾನು ಕೇಳ್ತಾ ಇಲ್ಲ. ಹೋಗದೆ ಇದ್ದರೂ ಸಂಜೆ ಒಂದು ಗಂಟೆ, ಯಾರ ಅಪ್ಪಣೆಯೂ ಇಲ್ಲದೆ, ಕೂಗಿಕೊಂಡು ಓಡುವಷ್ಟು ನೆಲ ಬೇಕು. ಕೂಲಿಯ ಮಗು ಕೂಲಿಗಾಗಿ ಅಲ್ಲದೆ ಸುಮ್ಮನೆ ಓಡುವಷ್ಟು ನೆಲ. ಅಷ್ಟನ್ನು ಕೇಳಲು ನಾಚಬೇಡಿ.

ಜೈ ಭೀಮ್.