ಬೆಳೆಗಳ ನಂಜು ರೋಗ: ಬಂದ ಮೇಲೆ ಮದ್ದಿಲ್ಲ, ಬಾರದಂತೆ ತಡೆಯಲು ದಾರಿಯುಂಟು



ಟೊಮೆಟೊ ನಾಟಿ ಮಾಡಿ ಮೂರು ವಾರ ಕಳೆದಿರುತ್ತದೆ. ಅಲ್ಲೊಂದು ಇಲ್ಲೊಂದು ಗಿಡದ ತುದಿ ಎಲೆಗಳು ಮುದುಡಿ ಹಳದಿಯಾಗುತ್ತವೆ. ಗಿಡ ಗಿಡ್ಡಾಗಿ ಪೊದೆಯಂತೆ ನಿಲ್ಲುತ್ತದೆ. ರೈತರು ಅಂಗಡಿಯಿಂದ ಶಿಲೀಂಧ್ರನಾಶಕ ತಂದು ಸಿಂಪಡಿಸುತ್ತಾರೆ. ಗುಣ ಕಾಣದಿದ್ದರೆ ಮತ್ತೊಂದು ಔಷಧಿ ತರುತ್ತಾರೆ. ಹಣ ಕೈಬಿಡುತ್ತದೆಯೇ ಹೊರತು ಗಿಡ ಚೇತರಿಸಿಕೊಳ್ಳುವುದಿಲ್ಲ. ಏಕೆಂದರೆ ಇದು ಎಲೆ ಮುಟುರು ರೋಗ. ಇದನ್ನು ತರುವುದು ಶಿಲೀಂಧ್ರವಲ್ಲ, ನಂಜಾಣು, ಅಂದರೆ ವೈರಸ್.

ನಂಜಾಣು ಎಂದರೇನು?

ಶಿಲೀಂಧ್ರ ಮತ್ತು ದುಂಡಾಣುಗಳಿಗೆ ತಮ್ಮದೇ ಜೀವಕೋಶವಿದೆ. ನಂಜಾಣುವಿಗೆ ಅದಿಲ್ಲ. ಬಹುತೇಕ ನಂಜಾಣುಗಳಲ್ಲಿ ಇರುವುದು ಒಂದು ಪ್ರೋಟೀನ್ ಹೊದಿಕೆ, ಅದರೊಳಗೆ ವಂಶವಾಹಿ ವಸ್ತು, ಇಷ್ಟೇ. ಗಿಡದ ಹೊರಗೆ ಅದು ಬೆಳೆಯದು. ಜೀವಕೋಶದೊಳಗೆ ಹೊಕ್ಕರೆ ಮಾತ್ರ, ಪರರ ಗಾಣದಲ್ಲಿ ತನ್ನ ಎಣ್ಣೆ ತೆಗೆಸಿಕೊಳ್ಳುವವನಂತೆ, ಆ ಕೋಶದಿಂದಲೇ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಗಿಡಕ್ಕೆ ಹಾನಿಯಾಗದಂತೆ ನಂಜಾಣುವನ್ನಷ್ಟೇ ಕೊಲ್ಲಬಲ್ಲ ಸಿಂಪಡಣೆ ರೈತರ ಕೈಗೆ ಇನ್ನೂ ಬಂದಿಲ್ಲ.

ನಂಜಾಣುವಿನ ಸುಳಿವು ಮೊದಲು ಸಿಕ್ಕಿದ್ದು ಹೊಗೆಸೊಪ್ಪಿನ ಬೆಳೆಯಲ್ಲಿ. 1892ರಲ್ಲಿ ರಷ್ಯಾದ ಇವನೋವ್ಸ್ಕಿ ಎಂಬ ವಿಜ್ಞಾನಿ ರೋಗದ ಎಲೆಯ ರಸವನ್ನು ದುಂಡಾಣುಗಳನ್ನೂ ತಡೆಯುವ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ತಂದಿತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನು ವೈರಸ್ ಎಂದು ಕರೆದರು. ಅದು ಕಣ್ಣಿಗೆ ಬಿದ್ದದ್ದು 1939ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಕಡ್ಡಿಯಾಕಾರದ ಈ ನಂಜಾಣುಗಳನ್ನು ಸಾಲಾಗಿ ಜೋಡಿಸಿದರೆ 1 ಮಿಲಿಮೀಟರ್ ಉದ್ದಕ್ಕೆ 3,000ಕ್ಕೂ ಹೆಚ್ಚು ಬೇಕು.

ಹರಡುವ ದಾರಿ

ನಂಜಾಣುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಯಾರಾದರೂ ಹೊತ್ತೊಯ್ಯಬೇಕು. ಟೊಮೆಟೊ ಎಲೆ ಮುಟುರು ರೋಗವನ್ನೂ ಬೆಂಡೆಯ ಹಳದಿ ನಂಜು ರೋಗವನ್ನೂ ಹರಡುವುದು ಬಿಳಿನೊಣ. ಏಲಕ್ಕಿಯ ಕಟ್ಟೆ ರೋಗಕ್ಕೆ ಸಸ್ಯಹೇನು, ತೊಗರಿಯ ಗೊಡ್ಡು ರೋಗಕ್ಕೆ ಕಣ್ಣಿಗೆ ಕಾಣದ ನುಸಿ ವಾಹಕ. ಹೊಗೆಸೊಪ್ಪಿನ ನಂಜಾಣುವಾದರೋ ಕೆಲಸಗಾರರ ಕೈಯಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ಹೊತ್ತೊಯ್ಯುವವರು ಯಾರೆಂದು ತಿಳಿದರೆ ಅರ್ಧ ಗೆದ್ದಂತೆ.

ರೈತರು ಮಾಡಬೇಕಾದದ್ದೇನು?

ಟೊಮೆಟೊ ಬೆಳೆಯುವವರು ಸಸಿಮಡಿಯಿಂದಲೇ ಎಚ್ಚರ ವಹಿಸಬೇಕು. ಎಳೆಯ ಸಸಿಗೆ ನಂಜು ತಗಲಿದಷ್ಟೂ ನಷ್ಟ ಹೆಚ್ಚು. ಬಿಳಿನೊಣ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆಯಡಿ ಸಸಿ ಬೆಳೆಸಬೇಕು. ನಾಟಿಗೆ ಎರಡು ಮೂರು ವಾರ ಮೊದಲೇ ಹೊಲದ ಸುತ್ತ ಮೆಕ್ಕೆಜೋಳದ ಸಾಲುಗಳನ್ನು ಬಿತ್ತಬೇಕು. ಹಳೆಯ ಟೊಮೆಟೊ ತಾಕಿನ ಪಕ್ಕದಲ್ಲೇ ಹೊಸ ನಾಟಿ ಬೇಡ. ಬದುಗಳ ಕಳೆ ತೆಗೆಯಬೇಕು, ಏಕೆಂದರೆ ಬಿಳಿನೊಣವೂ ನಂಜೂ ಅಲ್ಲಿ ಉಳಿಯುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ ತಳಿಗಳಿಗೂ ಹೆಸರಘಟ್ಟದ ಅರ್ಕಾ ರಕ್ಷಕ್‌ಗೂ ಈ ರೋಗವನ್ನು ತಡೆದುಕೊಳ್ಳುವ ಗುಣವಿದೆ. ಕೀಟನಾಶಕ ಬಳಸುವುದಾದರೆ ಅದು ಬಿಳಿನೊಣದ ಹತೋಟಿಗೆಂದು ತಿಳಿದು, ಶಿಫಾರಸಿನ ಪ್ರಮಾಣದಲ್ಲಿ ಬಳಸಬೇಕು.

ಇಷ್ಟಾದರೂ ಒಂದೆರಡು ಗಿಡಕ್ಕೆ ರೋಗ ಬಂದರೆ ಮೊದಲ ವಾರಗಳಲ್ಲೇ ಕಿತ್ತು ಹೂಳಬೇಕು. ಸಾಕಿದ ಗಿಡ ಕೀಳಲು ಮನಸ್ಸು ಬಾರದು, ನಿಜ. ಆದರೆ ನಾಲ್ಕು ಕಾಯಿಯ ಆಸೆಗೆ ಉಳಿಸಿದ ಆ ಒಂದು ಗಿಡ ತಾಕಿಗೆಲ್ಲ ನಂಜಿನ ಕಣಜವಾಗುತ್ತದೆ. ಬಿಳಿನೊಣ ಅಲ್ಲಿ ಒಮ್ಮೆ ರಸ ಹೀರಿ ನಂಜು ಪಡೆದರೆ ಬಹುಮಟ್ಟಿಗೆ ಜೀವಮಾನವಿಡೀ ಹಂಚುತ್ತದೆ.

ಗಿಡ ಮುದುಡಿದ ದಿನ ಅಂಗಡಿಗೆ ಓಡುವ ಮೊದಲು ಎಲೆಯನ್ನು ತಿರುವಿ ಅಡಿಭಾಗ ನೋಡಿ. ಸಂಶಯವಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಗಿಡವನ್ನು ಚೀಲದಲ್ಲಿ ಕಟ್ಟಿ ಒಯ್ದು ತೋರಿಸಿ. ವ್ಯರ್ಥ ಸಿಂಪಡಣೆಯ ಹಣ ಮುಂದಿನ ಹಂಗಾಮಿನ ಸಸಿ ಪರದೆಗೆ ಒದಗೀತು.