ಮನೆ ಕೆಲಸಕ್ಕೂ ಒಂದು ಕರಾರು ಪತ್ರವಿರಲಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ಸಮಾರಂಭದಲ್ಲಿ ಶಿಕ್ಷಣದ ಮಹತ್ವವನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಮನೆಯ ತಾರಸಿಯ ಬಗ್ಗೆ ಮಾತನಾಡಲಿದ್ದೇನೆ. ಮಾತು ಕೊನೆಗೆ ಶಿಕ್ಷಣಕ್ಕೇ ಬಂದು ನಿಲ್ಲುತ್ತದೆ. ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ.

ನಮ್ಮದು ಬಿಸಿಲ ನಾಡು. ಹಿಂದೆ ಈ ಕಡೆಯ ಹಳ್ಳಿಗಳಲ್ಲಿ ಮಾಳಿಗೆ ಮನೆಗಳಿದ್ದವು. ತೊಲೆ, ಜಂತೆಗಳ ಮೇಲೆ ಮಣ್ಣು ಹರಡಿ, ಕರಲು ಮಣ್ಣಿನಿಂದ ಮೇಲ್ಭಾಗ ಮುಚ್ಚುತ್ತಿದ್ದರು. ಆ ದಪ್ಪ ಮಣ್ಣೇ ಬಿಸಿಲನ್ನು ತಡೆಯುತ್ತಿತ್ತು. ಈಗ ಎಲ್ಲೆಡೆ ಆರ್‌ಸಿಸಿ ಬಂದಿದೆ. ನಾಲ್ಕೈದು ಅಂಗುಲದ ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿಕೊಂಡು ರಾತ್ರಿ ಅದನ್ನು ಮನೆಯೊಳಗೆ ಬಿಡುತ್ತದೆ. ಆದ್ದರಿಂದ ತಾರಸಿಗೆ ಬಿಳಿ ಕೂಲಿಂಗ್ ಪೇಂಟ್ ಹೊಡೆಸುವವರು, ಬಿಳಿ ಟೈಲ್ಸ್ ಹಾಕಿಸುವವರು, ಇಟ್ಟಿಗೆ ಚೂರು ಹಾಸಿ ಗಾರೆ ಹಾಕಿಸುವವರು ಹೆಚ್ಚಾಗಿದ್ದಾರೆ. ಖರ್ಚು ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ದಾಟುತ್ತದೆ. ಆದರೆ ವ್ಯವಹಾರ ಮುಗಿಯುವುದು ಮಾತ್ರ ಒಂದು ಲೋಟ ಚಹಾದಲ್ಲಿ. ಕಾಗದ ಎಂಬುದೇ ಇಲ್ಲ.

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಹಿರಿಯೂರಿನಲ್ಲಿರುವ ನಮ್ಮ ಚಾಚಾ 2022ರ ಬೇಸಿಗೆಯಲ್ಲಿ ತಾರಸಿಗೆ ಬಿಸಿಲು ತಡೆಯುವ ಪೇಂಟ್ ಹೊಡೆಸಿದರು. ಮೇಸ್ತ್ರಿ ಅದೇ ಮೊಹಲ್ಲಾದವರು, ಒಂದೇ ಸಾಲಿನಲ್ಲಿ ನಿಂತು ನಮಾಜ್ ಮಾಡುವವರು. "ಭಾಯಿ, ಐದು ವರ್ಷ ಚಿಂತೆ ಬೇಡ" ಎಂದಿದ್ದರು. ಆ ವರ್ಷದ ಮಳೆ ನಿಮಗೆಲ್ಲ ನೆನಪಿದೆ. 1933ರ ನಂತರ ಮೊದಲ ಬಾರಿಗೆ, ಅಂದರೆ 89 ವರ್ಷಗಳ ಮೇಲೆ, ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಊರೆಲ್ಲ ಸಂತೋಷಪಟ್ಟಿತು. ಚಾಚಾ ಮನೆಯಲ್ಲಿ ಮಾತ್ರ ನಡುಮನೆಗೆ ಬಕೆಟ್ ಇಟ್ಟಿದ್ದರು. ತಾರಸಿಯ ಪೇಂಟ್ ಸಿಪ್ಪೆಯಂತೆ ಏಳುತ್ತಿತ್ತು.

ಚಾಚಾ ಹೇಳಿದರು, "ಐದು ವರ್ಷದ ಗ್ಯಾರಂಟಿ ಕೊಟ್ಟಿದ್ದೀರಿ." ಮೇಸ್ತ್ರಿ ಹೇಳಿದರು, "ನಾನು ಹೇಳಿದ್ದು ಬಿಸಿಲಿಗೆ, ಸೋರುವುದಕ್ಕಲ್ಲ. ಮೊದಲು ಬಿರುಕು ಮುಚ್ಚಿಸಿ ಎಂದೆ, ನೀವೇ ಖರ್ಚು ಬೇಡ ಎಂದಿರಿ." ಇಬ್ಬರೂ ಸುಳ್ಳುಗಾರರಲ್ಲ. ತಮಗೆ ನೆನಪಿದ್ದಷ್ಟನ್ನೇ ಹೇಳಿದರು. ಜಮಾಅತಿನ ಹಿರಿಯರು ಕೂಡಿ ಕುಳಿತರು. "ಒಪ್ಪಿದ್ದು ಏನು?" ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಕೊನೆಗೆ ನಷ್ಟವನ್ನು ಅರ್ಧರ್ಧ ಹಂಚಿದರು. ಹಣದ ಜಗಳ ಮುಗಿಯಿತು, ಸ್ನೇಹವೂ ಮುಗಿಯಿತು. ಇಂದಿಗೂ ಅವರಲ್ಲಿ ಸಲಾಮಿಗೆ ಉತ್ತರ ಬರುತ್ತದೆ, ಮಾತು ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿ ಮಾತಿನ ಒಪ್ಪಂದವೂ ಒಪ್ಪಂದವೇ. ತೊಂದರೆ ಇರುವುದು ಅದನ್ನು ಸಾಬೀತುಪಡಿಸುವುದರಲ್ಲಿ. ಮನೆ ಕಟ್ಟುವುದು ಕೂಡ ಗ್ರಾಹಕ ಕಾಯ್ದೆಯ ಅಡಿಯಲ್ಲಿ ಬರುವ ಸೇವೆ ಎಂದು ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿದೆ. ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೆಲಸ ಕೆಟ್ಟರೆ ಮನೆಯವರು ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಇನ್ನೊಂದು ಮಾತನ್ನು ನಮ್ಮ ಮೇಸ್ತ್ರಿಗಳು, ಪೇಂಟರುಗಳು ಗಮನಿಸಬೇಕು. ಮನೆಯವರು ಕೂಲಿ ಕೊಡದಿದ್ದರೆ ಮೇಸ್ತ್ರಿ ಆ ಆಯೋಗಕ್ಕೆ ಹೋಗುವಂತಿಲ್ಲ, ಏಕೆಂದರೆ ಅವರು ಗ್ರಾಹಕರಲ್ಲ. ಸಿವಿಲ್ ಕೋರ್ಟಿಗೇ ಹೋಗಬೇಕು. ಹಾಗಾಗಿ ಕಾಗದದ ಅಗತ್ಯ ಮನೆಯವರಿಗಿಂತ ಕೆಲಸ ಮಾಡುವವರಿಗೇ ಒಂದು ಪಾಲು ಹೆಚ್ಚು.

ಹಾಗಾದರೆ ಏನು ಬರೆಯಬೇಕು?

ಮೊದಲನೆಯದು, ಕೆಲಸ ಯಾವುದು. ಬಿಸಿಲು ತಡೆಯುವುದು ಬೇರೆ, ನೀರು ತಡೆಯುವುದು ಬೇರೆ. ಎರಡೂ ಬೇಕಾದರೆ ಎರಡನ್ನೂ ಬರೆಯಿರಿ. ತಾರಸಿ ತೊಳೆಯುವುದು, ಬಿರುಕು ತುಂಬುವುದು ಯಾರ ಖರ್ಚು ಎಂಬುದೂ ಇರಲಿ.

ಎರಡನೆಯದು, ಅಳತೆ. 30-40ರ ತಾರಸಿ 1,200 ಚದರಡಿ. ಸುತ್ತಲಿನ ಮೂರಡಿ ಪ್ಯಾರಪೆಟ್ ಗೋಡೆಯ ಒಳಮೈ ಸೇರಿಸಿದರೆ ಇನ್ನೂ 420 ಚದರಡಿ. ಚದರಡಿಗೆ 40 ರೂಪಾಯಿ ಎಂದು ಇಟ್ಟುಕೊಂಡರೆ 48,000 ರೂಪಾಯಿಯ ಲೆಕ್ಕ 64,800ಕ್ಕೆ ಏರುತ್ತದೆ. ಗೋಡೆ ಸೇರಿದೆಯೇ ಇಲ್ಲವೇ ಎಂಬ ಒಂದು ಸಾಲು 16,800 ರೂಪಾಯಿಯ ಜಗಳ ತಪ್ಪಿಸುತ್ತದೆ.

ಮೂರನೆಯದು, ಸಾಮಗ್ರಿ. ಯಾವ ಕಂಪನಿಯದು, ಎಷ್ಟು ಕೋಟ್, ತರುವವರು ಯಾರು, ಬಿಲ್ಲು ಯಾರ ಹೆಸರಿಗೆ.

ನಾಲ್ಕನೆಯದು, ಹಣ ಮತ್ತು ಅವಧಿ. ಮುಂಗಡ ಎಷ್ಟು, ಯಾವ ಹಂತಕ್ಕೆ ಎಷ್ಟು, ಕೆಲಸ ಯಾವ ತಾರೀಕಿಗೆ ಮುಗಿಯಬೇಕು. ಸೋರದಂತೆ ಮಾಡುವ ಕೆಲಸವಾದರೆ ತಾರಸಿಯಲ್ಲಿ ಒಂದೆರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಕೊನೆಯ ಕಂತು ಎಂದು ಬರೆಯಿರಿ.

ಐದನೆಯದು, ಗ್ಯಾರಂಟಿ. ಕೊಡುವವರು ಕಂಪನಿಯೋ ಮೇಸ್ತ್ರಿಯೋ, ಯಾವುದಕ್ಕೆ, ಎಷ್ಟು ವರ್ಷ. ಮಧ್ಯದಲ್ಲಿ ಕೆಲಸ ಹೆಚ್ಚಾದರೆ ಅದೇ ದಿನ ಅದೇ ಕಾಗದದ ಕೆಳಗೆ ಸೇರಿಸಿ ಇಬ್ಬರೂ ಸಹಿ ಹಾಕಿ.

ಇಬ್ಬರು ಸಾಕ್ಷಿಗಳಿರಲಿ, ಎರಡು ಪ್ರತಿಗಳಿರಲಿ. ದೊಡ್ಡ ಮೊತ್ತವಾದರೆ ಇ-ಸ್ಟಾಂಪ್ ಕಾಗದ ಬಳಸಿ. ಸರಿಯಾದ ಸ್ಟಾಂಪ್ ಇಲ್ಲದ ಪತ್ರವನ್ನು ಶುಲ್ಕ ಮತ್ತು ದಂಡ ಕಟ್ಟುವವರೆಗೆ ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

"ನಮ್ಮವರೇ ಅಲ್ಲವೇ, ಕಾಗದ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವ ವಿಷಯದ್ದು ಎಂದು ಬಲ್ಲಿರಾ? ಅದು ಸೂರಃ ಅಲ್ ಬಕರಾದ 282ನೆಯ ಆಯತ್. ಅವಧಿ ಇಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಲು ಅದು ಆದೇಶಿಸುತ್ತದೆ. ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು ಎನ್ನುತ್ತದೆ, ಸಾಕ್ಷಿಗಳನ್ನು ಕೇಳುತ್ತದೆ. ಕೈಗೆ ಕೈ ನಡೆಯುವ ವ್ಯಾಪಾರಕ್ಕೆ ಮಾತ್ರ ವಿನಾಯಿತಿ ಇದೆ. ಮುಂಗಡ ಇಂದು, ಕೆಲಸ ನಾಳೆ, ಬಾಕಿ ನಾಡಿದ್ದು ಎನ್ನುವ ಮನೆ ಕೆಲಸ ಕೈಗೆ ಕೈ ವ್ಯಾಪಾರವಲ್ಲ. ಒಬ್ಬರು ಹಣದ ಋಣದಲ್ಲಿರುತ್ತಾರೆ, ಇಲ್ಲವೇ ಇನ್ನೊಬ್ಬರು ಕೆಲಸದ ಋಣದಲ್ಲಿರುತ್ತಾರೆ. ಇಂತಹ ಮಾಡಿಸಿಕೊಡುವ ಕರಾರಿಗೆ ಫಿಕ್ಹ್‌ನಲ್ಲಿ ಇಸ್ತಿಸ್ನಾ ಎಂದು ಹೆಸರು. ವಸ್ತುವಿನ ಬಗೆ, ಪ್ರಮಾಣ, ಅವಧಿ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿರಬೇಕು ಎಂದು 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿಯ ಸಭೆ ನಿರ್ಣಯಿಸಿದೆ.

ಬರೆಯುವುದು ಅಪನಂಬಿಕೆಯ ಗುರುತಲ್ಲ. ನಂಬಿಕೆ ಉಳಿಯಲಿ ಎಂದೇ ಬರೆಯುವುದು.

ಈಗ ವಿದ್ಯಾರ್ಥಿಗಳಿಗೆ ನನ್ನ ಮಾತು. ಅದೇ ಆಯತ್ ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು ಮತ್ತು ನ್ಯಾಯದಿಂದ ಬರೆಯಬೇಕು ಎಂದೂ ಹೇಳುತ್ತದೆ. ನಮ್ಮ ಎಷ್ಟೋ ಮೇಸ್ತ್ರಿಗಳಿಗೆ ಗಾರೆ ಗೊತ್ತು, ಅಕ್ಷರ ಗೊತ್ತಿಲ್ಲ. ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಪ್ರತಿ ಸಾಲನ್ನೂ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ. ಅವರ ಪ್ರತಿಯನ್ನು ಅವರ ಕೈಗೇ ಕೊಡಿ. ನಿಮ್ಮ ತಂದೆಯ ಪರವಾಗಿ ಮಾತ್ರ ಬರೆದರೆ ಅದು ಜಾಣತನ, ಇಬ್ಬರಿಗೂ ಬರೆದರೆ ಅದು ವಿದ್ಯೆ.

ಚಾಚಾ ಆಮೇಲೆ ತಾರಸಿಗೆ ಬಿಳಿ ಟೈಲ್ಸ್ ಹಾಕಿಸಿದರು. ಎರಡು ಪುಟದ ಕರಾರು ಪತ್ರ ಬರೆದವಳು ಪಿಯುಸಿ ಓದುವ ಅವರ ಮೊಮ್ಮಗಳು. ಹೊಸ ಮೇಸ್ತ್ರಿ ಅದನ್ನು ಓದಿಸಿ ಕೇಳಿ, "ಮಗಳೇ, ಮಳೆ ಬಂದು ನಿಂತ ದಿನಗಳನ್ನು ಅವಧಿಯಲ್ಲಿ ಹಿಡಿಯಬೇಡ ಎಂದೂ ಬರಿ" ಎಂದರು. ಅವಳು ಬರೆದಳು. ಕೆಲಸ ಮುಗಿಯಿತು, ಹಣ ಚುಕ್ತಾ ಆಯಿತು, ಇಬ್ಬರೂ ಇಂದಿಗೂ ಕೂಡಿ ಚಹಾ ಕುಡಿಯುತ್ತಾರೆ. ನಮ್ಮ ಸಂಘ ಇಷ್ಟು ವರ್ಷ ಮಕ್ಕಳಿಗೆ ಅಕ್ಷರ ಕಲಿಸಲು ದುಡಿದದ್ದು ಇಂತಹ ಎರಡು ಪುಟಗಳಿಗಾಗಿಯೂ ಹೌದು ಎಂದು ನಾನು ತಿಳಿದಿದ್ದೇನೆ.